ಕಾನೂನಿಗೆ ಮೊದಲು ಜನರ ಮಾತು

ಕಾನೂನು ಎಂಬುದು ಅರಬ್ಬಿ–ಪಾರಸಿಗಳ ದಾರಿಯಿಂದ ನಮ್ಮ ಭಾಷೆಗೆ ಬಂದ ಪದ. ಅದಕ್ಕಿಂತ ಹಿಂದಿನಿಂದ ನಮ್ಮಲ್ಲಿ ಇದ್ದ ಮಾತು ಕಟ್ಟಳೆ. ಕಟ್ಟು ಎಂಬ ಕ್ರಿಯಾಪದದಿಂದ ಹುಟ್ಟಿದ ಮಾತು ಅದು. ಭೂತಾಳ ಪಾಂಡ್ಯನ ಹೆಸರಿನಲ್ಲಿ ನಡೆದು ಬಂದ ಅಳಿಯಕಟ್ಟು ನಮ್ಮ ಕರಾವಳಿಯ ಓದುಗರಿಗೆ ಗೊತ್ತೇ ಇದೆ. ಘಟ್ಟದ ಮೇಲಿನವರಿಗೆ ಊರ ಕಟ್ಟು, ಕುಲದ ಕಟ್ಟು ಎಂಬ ಮಾತುಗಳು ಪರಿಚಿತ. ಕಟ್ಟು ಎಂದರೆ ಬಂಧನವೂ ಹೌದು, ಹಲವನ್ನು ಕೂಡಿಸಿ ಜೋಡಿಸುವುದೂ ಹೌದು. ಆದರೆ ಕಟ್ಟಳೆಯನ್ನು ಕಟ್ಟುವವರು ಯಾರು? ಅದಕ್ಕೆ ಒಳಗಾಗಿ ಬದುಕಬೇಕಾದವರನ್ನು ಕಟ್ಟುವುದಕ್ಕೆ ಮೊದಲು ಯಾರಾದರೂ ಕೇಳುತ್ತಾರೆಯೇ?

ಮುಂಬಯಿಯ ಉಪನಗರಗಳಲ್ಲಿ ಬಾಳುವ ನಮ್ಮಂಥ ಸಂಸಾರಸ್ಥರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಇವತ್ತು ಕಾಂದಿವಲಿಯಲ್ಲಿ ಮೂವತ್ತು ನಲವತ್ತು ವರ್ಷದ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವ ಮಾತು ಗಲ್ಲಿಗಲ್ಲಿಯಲ್ಲೂ ನಡೆದಿದೆ. ಒಂದು ಸಂಜೆಯ ಸಭೆಯಲ್ಲಿ ಆದ ಠರಾವು ಒಂದು ಸಂಸಾರದ ಇಡೀ ಉಳಿತಾಯದ ಭವಿಷ್ಯವನ್ನು ತೀರ್ಮಾನಿಸುತ್ತದೆ. ಆದುದರಿಂದ ಕಾನೂನು ಮಾಡುವಲ್ಲಿ ಜನರನ್ನು ಕೇಳುವ ಪದ್ಧತಿ ನಮ್ಮವರಲ್ಲಿ ಹೇಗೆ ಬೆಳೆಯಿತು, ಎಲ್ಲಿ ಕುಂಟಿತು ಎಂಬುದನ್ನು ಇತಿಹಾಸದ ಪುಟ ತಿರುವಿ ನೋಡುವುದು ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಪುಲಿಗೆರೆಯ ಒಪ್ಪಂದ

ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹಿಂದೆ ಪುಲಿಗೆರೆ, ಪೊರಿಗೆರೆ ಎಂಬ ಹೆಸರುಗಳಿದ್ದವು. ಅಲ್ಲಿ ಕ್ರಿ.ಶ. 725ರ ಸುಮಾರಿನ ಒಂದು ಕನ್ನಡ ಶಾಸನವಿದೆ. ಅದು ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನದು. ಸಾಮಾನ್ಯವಾಗಿ ಶಾಸನವೆಂದರೆ ದಾನದ ಪತ್ರ, ಇಲ್ಲವೇ ವೀರನ ಸ್ತುತಿ. ಇದು ಹಾಗಲ್ಲ. ಇದು ಆ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ‘ಆಚಾರ ವ್ಯವಸ್ಥೆ’.

ಇದರ ವಿಶೇಷವೆಂದರೆ ಅರಸನ ಅಧಿಕಾರಿಗಳು ಏನನ್ನು ಕಾಪಾಡಬೇಕೆಂಬುದನ್ನೂ ಇದು ಹೇಳುತ್ತದೆ. ವಾಸವಿಲ್ಲದ ಮನೆಗಳು, ಅರಸನ ದತ್ತಿಗಳು, ಊರಿನ ಮರ್ಯಾದೆ ಅಂದರೆ ರೂಢಿಯ ನಿಯಮ, ತಾಮ್ರಪಟಗಳ ಹಕ್ಕು, ಅನುಭವಿಸುತ್ತ ಬಂದ ಭೂಮಿ – ಇವೆಲ್ಲವನ್ನೂ ರಾಜಪುರುಷರು ರಕ್ಷಿಸಬೇಕು. ಅದಕ್ಕೆ ಪ್ರತಿಯಾಗಿ ಊರಿನ ಒಕ್ಕಲುಗಳು ಅಂತಸ್ತಿಗೆ ತಕ್ಕಂತೆ, ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ, ತೆರಿಗೆ ಕೊಡಬೇಕು. ಅರಸ ಮತ್ತು ಊರು ಎರಡೂ ಕಡೆಯ ಹೊಣೆಯನ್ನು ಒಂದೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಊರಿಗೆ ತನ್ನದೇ ಮರ್ಯಾದೆ ಉಂಟು, ಅದನ್ನು ಅರಸನೂ ಮೀರಬಾರದು ಎಂಬ ತಿಳಿವಳಿಕೆ ಸುಮಾರು 1,300 ವರ್ಷಗಳ ಹಿಂದೆಯೇ ನಮ್ಮಲ್ಲಿತ್ತು ಎಂಬುದಕ್ಕೆ ಇದು ಸಾಕ್ಷಿ. ಇದನ್ನು ಪ್ರಜಾಪ್ರಭುತ್ವವೆಂದು ಹಿಗ್ಗುವ ಕಾರಣವಿಲ್ಲ. ಅಂದಿನ ಸಭೆಗಳಲ್ಲಿ ಊರಿನ ಎಲ್ಲರಿಗೂ ಸ್ಥಾನವಿರಲಿಲ್ಲ. ಹೆಂಗಸರು, ದುಡಿದು ಉಣ್ಣುವ ಕೆಳಗಿನ ಜಾತಿಗಳವರು ಕಟ್ಟಳೆಗೆ ಒಳಗಾದರೇ ಹೊರತು ಕಟ್ಟುವ ಕಡೆ ಇರಲಿಲ್ಲ.

ರಂಗಾಚಾರ್ಲು ಕಂಡ ಸಭೆ

ಅಲ್ಲಿಂದ ನಾವು ಹನ್ನೊಂದು ಶತಮಾನ ದಾಟಿ ಮೈಸೂರಿಗೆ ಬರೋಣ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಐವತ್ತು ವರ್ಷಗಳ ನಂತರ, 1881ರ ಮಾರ್ಚ್ 25ರಂದು, ಅದು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿ ಬಂತು. ಬಂದಾಗ ಸಂಸ್ಥಾನದ ಸ್ಥಿತಿ ದಯನೀಯ. 1876–78ರ ಭೀಕರ ಕ್ಷಾಮದಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಅಳಿದಿದ್ದರು. ಬೊಕ್ಕಸ ಸಾಲದಲ್ಲಿ ಮುಳುಗಿತ್ತು. ಇಂಥ ಹೊತ್ತಿನಲ್ಲಿ ದಿವಾನರಾದವರು ಸಿ. ರಂಗಾಚಾರ್ಲು.

ಯಾವ ಸರ್ಕಾರವೂ ಇಂಥ ಕಷ್ಟದಲ್ಲಿ ಮೊದಲು ಯೋಚಿಸುವುದು ವೆಚ್ಚ ಕಡಿತವನ್ನು. ರಂಗಾಚಾರ್ಲು ಅವರೂ ಅದನ್ನು ಮಾಡಿದರು. ಜೊತೆಗೆ ಅಂದಿನ ಭಾರತದಲ್ಲಿ ಯಾವ ದೇಶೀ ಸಂಸ್ಥಾನವೂ ಮಾಡದ ಇನ್ನೊಂದು ಕೆಲಸವನ್ನೂ ಮಾಡಿದರು. 1881ರ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ತಿಳಿವಳಿಕೆಯುಳ್ಳ, ಊರಿನಲ್ಲಿ ಮಾತಿಗೆ ಬೆಲೆಯುಳ್ಳ ಜಮೀನುದಾರರನ್ನು ಸ್ಥಳೀಯ ನಿಧಿ ಮಂಡಲಿಗಳು ಆರಿಸಿ ಕಳಿಸಬೇಕು, ಜೊತೆಗೆ ಜಿಲ್ಲೆಗಳಿಂದ ವರ್ತಕರೂ ಬರಬೇಕು ಎಂದು ಗೊತ್ತುಮಾಡಲಾಯಿತು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ಮೈಸೂರಿನಲ್ಲಿ ಮೊದಲ ಸಭೆ ಕೂಡಿತು. ಬಂದವರು 144 ಮಂದಿ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಮುಂಬಯಿಯಲ್ಲಿ ಮೊದಲ ಸಲ ಸೇರಿದ್ದು 1885ರಲ್ಲಿ, ಅಂದರೆ ಇದಾದ ನಾಲ್ಕು ವರ್ಷಗಳ ಮೇಲೆ, ಎಂಬುದನ್ನು ನೆನೆದರೆ ಇದರ ಹಿರಿಮೆ ತಿಳಿಯುತ್ತದೆ.

ಸಭೆಯ ಕೆಲಸ ಸರಳವಾಗಿತ್ತು. ಹಿಂದಿನ ವರ್ಷ ಸರ್ಕಾರ ಮಾಡಿದ್ದೇನು, ಬಂದ ಹಣವೆಷ್ಟು, ಹೋದದ್ದೆಷ್ಟು, ಮುಂದೆ ಮಾಡಬೇಕೆಂದಿರುವುದೇನು ಎಂಬುದನ್ನು ದಿವಾನರು ಸಭೆಯ ಮುಂದೆ ಇಡುವುದು. ಸದಸ್ಯರು ತಮ್ಮ ಊರುಗಳ ಅಹವಾಲುಗಳನ್ನು ಹೇಳುವುದು. ಮತ ಹಾಕುವ ಹಕ್ಕು ಇರಲಿಲ್ಲ, ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ದಿವಾನರು ರೈತನ ಎದುರು ನಿಂತು ಲೆಕ್ಕ ಒಪ್ಪಿಸುವುದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. ತಾವು ನೆಟ್ಟ ಗಿಡ ಬೆಳೆಯುವುದನ್ನು ಕಾಣುವ ಭಾಗ್ಯ ರಂಗಾಚಾರ್ಲು ಅವರಿಗೆ ಇರಲಿಲ್ಲ. 1883ರ ಜನವರಿಯಲ್ಲಿ ಅವರು ತೀರಿಕೊಂಡರು.

ಸಲಹೆಯಿಂದ ಹಕ್ಕಿನ ಕಡೆಗೆ

ಮುಂದೆ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸಭೆಗೆ ಚುನಾವಣೆಯ ಪದ್ಧತಿ ಬಂತು. ಮತದ ಹಕ್ಕು ಇದ್ದದ್ದು ಆಸ್ತಿವಂತರಿಗೆ, ಇಷ್ಟು ಕಂದಾಯ ಕಟ್ಟುವವರಿಗೆ ಮಾತ್ರ. ಆದರೂ ಮೇಲಿನವರ ಆಯ್ಕೆಯ ಜಾಗಕ್ಕೆ ಕೆಳಗಿನವರ ಆಯ್ಕೆ ಬಂದದ್ದು ಒಂದು ಹೆಜ್ಜೆಯೇ.

ಆ ದಶಕದಲ್ಲಿ ಸಭೆಯನ್ನು ಕಾವೇರಿಸಿದ ವಿಷಯ ಬಾಲ್ಯವಿವಾಹ. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು ಎಂಬುದು ಸರ್ಕಾರದ ಇರಾದೆ. ಇವತ್ತು ನಮಗೆ ಇದು ತೀರ ಕಡಿಮೆಯೆನಿಸುತ್ತದೆ. ಅಂದು ಇದು ಧರ್ಮದಲ್ಲಿ ಕೈಹಾಕಿದಂತೆ ಎಂದು ಬಲವಾದ ವಿರೋಧ ಬಂತು. ಸಮರ್ಥಿಸಿದವರೂ ಇದ್ದರು. ಕೊನೆಗೆ 1894ರಲ್ಲಿ ಕಾಯಿದೆಯಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜನರನ್ನು ಕೇಳಿದ ಕೂಡಲೇ ಒಳ್ಳೆಯ ಕಾನೂನು ಬರುತ್ತದೆ ಎಂದು ತಿಳಿಯಬಾರದು. ಕೇಳಿಸಿಕೊಂಡವರಲ್ಲಿ ಆ ಎಂಟು ವರ್ಷದ ಹುಡುಗಿಯೂ ಇರಲಿಲ್ಲ, ಅವಳ ತಾಯಿಯೂ ಇರಲಿಲ್ಲ. ಯಾರನ್ನು ಕೇಳಿದೆವು ಎಂಬುದು, ಕೇಳಿದೆವೋ ಇಲ್ಲವೋ ಎಂಬುದರಷ್ಟೇ ಮುಖ್ಯ.

1907ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. ಕಾನೂನಿನ ಕರಡನ್ನು ಕಲಮು ಕಲಮಾಗಿ ಪರಿಶೀಲಿಸುವ ಚಿಕ್ಕ ಸಭೆ ಅದು. ಅದಕ್ಕೆ ಇಬ್ಬರನ್ನು ಪ್ರಜಾಪ್ರತಿನಿಧಿ ಸಭೆಯೇ ಆರಿಸಿ ಕಳಿಸುವಂತಾಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಿಂದ, ಪ್ರತಿನಿಧಿ ಸಭೆ ವರ್ಷಕ್ಕೆ ಎರಡು ಸಲ ಸೇರತೊಡಗಿತು. ಎರಡನೆಯ ಅಧಿವೇಶನ ಆಯವ್ಯಯದ ಚರ್ಚೆಗೆ ಮೀಸಲು.

ನಿಜವಾದ ತಿರುವು ಬಂದದ್ದು 1923ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಪ್ರಸಿದ್ಧ ತತ್ತ್ವಜ್ಞಾನಿ ಬ್ರಜೇಂದ್ರನಾಥ ಶೀಲ್ ಅವರ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ಆಧರಿಸಿ ಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ಸಿಕ್ಕಿತು. ಅಲ್ಲಿಯ ತನಕ ಅದು ಆಜ್ಞೆಯಿಂದ ಹುಟ್ಟಿದ ಸಭೆ, ಆಜ್ಞೆಯಿಂದಲೇ ನಿಂತುಹೋಗಬಹುದಿತ್ತು. ಇನ್ನು ಮುಂದೆ ಹಾಗಲ್ಲ. ತುರ್ತು ಸಂದರ್ಭ ಬಿಟ್ಟರೆ, ಹೊಸ ತೆರಿಗೆ ಹಾಕುವ ಮುಂಚೆ ಸಭೆಯ ಅಭಿಪ್ರಾಯ ಕೇಳಲೇಬೇಕು. ಯಾವುದೇ ಮಸೂದೆ ನ್ಯಾಯವಿಧಾಯಕ ಸಭೆಗೆ ಹೋಗುವ ಮೊದಲು ಅದರ ಮೂಲತತ್ತ್ವವನ್ನು ಪ್ರತಿನಿಧಿ ಸಭೆಯ ಮುಂದಿಡಬೇಕು. ಮತಕ್ಕೆ ಬೇಕಾದ ಆಸ್ತಿಯ ಅರ್ಹತೆಯನ್ನು ಇಳಿಸಲಾಯಿತು. ಆ ಅರ್ಹತೆಯುಳ್ಳ ಹೆಂಗಸರಿಗೂ ಮತದ ಹಕ್ಕು ಬಂತು.

ಈ ಕ್ರಮದ ಜಾಣತನವನ್ನು ನಾವು ಸ್ವಲ್ಪ ನಿಂತು ನೋಡಬೇಕು. ಕರಡು ಸಿದ್ಧವಾದ ಮೇಲೆ ಜನರ ಮುಂದಿಟ್ಟರೆ ಅಲ್ಪವಿರಾಮ ತಿದ್ದುವುದಷ್ಟೇ ಉಳಿಯುತ್ತದೆ. ಕಡತ ಓಡಾಡುವ ಕಚೇರಿಯಲ್ಲಿ ಇದ್ದವರಿಗೆಲ್ಲ ಇದು ಗೊತ್ತು. ಹತ್ತು ಮೇಜು ದಾಟಿ ಬಂದ ಕಡತವನ್ನು ಹನ್ನೊಂದನೆಯ ಮೇಜಿನವರು ಬದಲಿಸುವುದಿಲ್ಲ. ಮೈಸೂರಿನಲ್ಲಿ ಇಂಥ ಕಾನೂನು ಬೇಕೋ ಬೇಡವೋ ಎಂಬ ಮೂಲಪ್ರಶ್ನೆಯನ್ನೇ ದೊಡ್ಡ ಸಭೆಯ ಮುಂದೆ ಇಟ್ಟರು. ಕಲಮುಗಳ ಕುಸುರಿಯನ್ನು ಬಲ್ಲವರ ಚಿಕ್ಕ ಸಭೆಗೆ ಬಿಟ್ಟರು. ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯಿದೆ ಮೈಸೂರಿನಲ್ಲಿ 1933ರಲ್ಲೇ ಬಂದದ್ದು ಇಂಥ ಸಭೆಗಳ ಚರ್ಚೆಯನ್ನು ದಾಟಿ. ಬ್ರಿಟಿಷ್ ಭಾರತದಲ್ಲಿ ಆ ಬಗೆಯ ಕಾನೂನು 1937ರಲ್ಲಿ ಬಂತು.

ಕೊರತೆ ಎಲ್ಲಿತ್ತು?

ಇಷ್ಟಾದರೂ ಸಭೆಯ ಮಾತು ಸಲಹೆಯಾಗಿಯೇ ಉಳಿಯಿತು. ದಿವಾನರು ಕೇಳಬೇಕಿತ್ತು, ಒಪ್ಪಲೇಬೇಕೆಂದಿರಲಿಲ್ಲ. ಅವರನ್ನು ಕೆಳಗಿಳಿಸುವ ಶಕ್ತಿ ಸಭೆಗೆ ಇರಲಿಲ್ಲ. ಆಸ್ತಿಯಿಲ್ಲದ ಬಹುಸಂಖ್ಯಾತರು ಹೊರಗೇ ಇದ್ದರು. ಕೇಳಿಸಿಕೊಳ್ಳುವ ಸರ್ಕಾರ ಸಾಲದು, ಜವಾಬ್ದಾರಿ ಸರ್ಕಾರವೇ ಬೇಕು ಎಂಬ ಕೂಗು ಬೆಳೆಯಿತು. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಜನ ಸತ್ತರು. ಪ್ರಜೆಗಳ ಸಭೆ ಇದ್ದ ಸಂಸ್ಥಾನದಲ್ಲೇ ಹೀಗಾಯಿತು ಎಂಬುದನ್ನು ಮರೆಯಬಾರದು. 1947ರ ‘ಮೈಸೂರು ಚಲೋ’ ಚಳವಳಿಯ ನಂತರ ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು. ಅರುವತ್ತೆಂಟು ವರ್ಷ ಬಾಳಿದ ಸಭೆ ಅದು.

ವಯಸ್ಕರೆಲ್ಲರಿಗೂ ಮತ ಬಂದ ಮೇಲೆ ಅಂಥ ಸಭೆಯ ಅಗತ್ಯವಿಲ್ಲವೆಂದು ತೋರಿತು. ಆದರೆ ಐದು ವರ್ಷಕ್ಕೊಮ್ಮೆ ಮತ ಹಾಕುವುದು ಬೇರೆ, ಕಾನೂನಿಗೆ ಮೊದಲು ಮಾತು ಹೇಳುವುದು ಬೇರೆ. ಮೊದಲನೆಯದು ಬಂದಾಗ ಎರಡನೆಯದು ಕೈಬಿಟ್ಟುಹೋಯಿತೇ ಎಂಬುದು ನಮ್ಮ ಶಂಕೆ.

ದೂರದ ಒಂದು ಊರು

ಈ ಎರಡನೆಯದನ್ನು ಮತ್ತೆ ಕೈಗೆತ್ತಿಕೊಂಡ ಒಂದು ಸಮುದಾಯ ಕೆನಡಾ ದೇಶದಲ್ಲಿದೆ. ಮಾಂಟ್ರಿಯಲ್ ನಗರದ ಎದುರಿಗೆ, ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ಕಾನಾವಾಗೆ ಎಂಬ ಊರು. ಅಲ್ಲಿಯವರು ಮೊಹಾಕ್ ಎಂಬ ಮೂಲನಿವಾಸಿಗಳು. ನಮ್ಮ ಹಾಗೆಯೇ ದುಡಿಮೆಗಾಗಿ ಊರು ಬಿಟ್ಟು ಹೋದವರು ಅವರಲ್ಲಿ ಬಹಳ. ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳ ಉಕ್ಕಿನ ತೊಲೆಗಳನ್ನು ಜೋಡಿಸಿದವರಲ್ಲಿ ಈ ಊರಿನ ಕೆಲಸಗಾರರು ಹೆಸರಾದವರು.

ಅವರ ಹಿರಿಯರಲ್ಲಿ ಆಮೆ, ತೋಳ, ಕರಡಿ ಎಂಬ ಮೂರು ಬಳಿಗಳ ಸಭೆಯಿತ್ತು. ನಮ್ಮ ತುಳುನಾಡಿನ ಬಳಿಗಳಂತೆ ಅವರ ಬಳಿಯೂ ತಾಯಿಯಿಂದ ಬರುವುದು. ವಿಷಯವೊಂದು ಬಳಿಯಿಂದ ಬಳಿಗೆ ಹೋಗಿ ಎಲ್ಲರೂ ಒಮ್ಮತಕ್ಕೆ ಬಂದ ಮೇಲೆಯೇ ತೀರ್ಮಾನ. ಕೆನಡಾ ಸರ್ಕಾರ 1876ರ ‘ಇಂಡಿಯನ್ ಆಕ್ಟ್’ ಮತ್ತು ಅದರ ನಂತರದ ಕಾನೂನುಗಳ ಮೂಲಕ ಚುನಾಯಿತ ಮಂಡಲಿಯ ಪದ್ಧತಿಯನ್ನು ಅವರ ಮೇಲೆ ಹೊರಿಸಿತು. ಚುನಾವಣೆ ಬಂತು, ಆದರೆ ಕೂಡಿ ಮಾತಾಡುವ ರೂಢಿ ಬದಿಗೆ ಸರಿಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಕಾನಾವಾಗೆಯವರು ತಮ್ಮ ಮುಖ್ಯ ಕಾನೂನುಗಳನ್ನು ಮಾಡುವಾಗ ಊರಿನವರನ್ನು ಹಂತಹಂತವಾಗಿ ಸಭೆಗೆ ಕರೆದು, ಮತಗಳ ಎಣಿಕೆಯ ಬದಲು ಒಮ್ಮತ ಹುಡುಕುವ ಕ್ರಮವನ್ನು ಮತ್ತೆ ರೂಪಿಸಿಕೊಂಡರು. ಮೊದಲು ಕಾನೂನಿನ ಉದ್ದೇಶ, ಆಮೇಲೆ ಕರಡು, ಕಡೆಗೆ ಅಂತಿಮ ರೂಪ. ಯಾರು ಊರಿನವರು, ಯಾರು ಅಲ್ಲ ಎಂಬಂಥ ಮನಸ್ಸು ಕೆಡಿಸುವ ಪ್ರಶ್ನೆಗಳೂ ಅವರ ಮುಂದಿವೆ. ಒಮ್ಮತ ಸುಲಭವಲ್ಲ. ಆದರೂ ಮೂಲತತ್ತ್ವ ಮೊದಲು, ಕಲಮು ಆಮೇಲೆ ಎಂಬ ಅವರ ದಾರಿ 1923ರ ಮೈಸೂರಿನ ದಾರಿಯನ್ನು ನೆನಪಿಸುತ್ತದೆ.

ಮರಳಿ ನಮ್ಮ ಮನೆಗೆ

ಸ್ವತಂತ್ರ ಭಾರತದಲ್ಲಿ ಈ ದಾರಿ ಪೂರ್ತಿ ಮುಚ್ಚಿಲ್ಲ. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ತಂದ 1983ರ ಪಂಚಾಯತ್ ಕಾಯಿದೆ, ಆಮೇಲೆ 1993ರಲ್ಲಿ ಜಾರಿಯಾದ ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸ್ಥಾನ ಕೊಟ್ಟವು. ಕೇಂದ್ರ ಸರ್ಕಾರ 2014ರಲ್ಲಿ ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಗೊತ್ತುಮಾಡಿತು. ನಮ್ಮ ಮುಂಬಯಿಯಲ್ಲೇ ಒಂದು ನಿದರ್ಶನವಿದೆ. 2015ರ ಫೆಬ್ರವರಿಯಲ್ಲಿ ಮಹಾನಗರಪಾಲಿಕೆ 2034ರ ವರೆಗಿನ ಅಭಿವೃದ್ಧಿ ಯೋಜನೆಯ ಕರಡನ್ನು ಪ್ರಕಟಿಸಿದಾಗ, ಇರುವ ಕಟ್ಟಡಗಳ ಮೇಲೇ ರಸ್ತೆ ಎಳೆದಂಥ ತಪ್ಪುಗಳನ್ನು ಕಂಡು ನಾಗರಿಕರು ಸಾವಿರಗಟ್ಟಲೆ ಆಕ್ಷೇಪಣೆ ಸಲ್ಲಿಸಿದರು. ಏಪ್ರಿಲಿನಲ್ಲಿ ಮುಖ್ಯಮಂತ್ರಿಗಳು ಅದನ್ನು ತಿದ್ದಿ ಹೊಸದಾಗಿ ಮಾಡಲು ಆದೇಶಿಸಿದರು. ಪರಿಷ್ಕೃತ ಯೋಜನೆ ಜಾರಿಗೆ ಬಂದದ್ದು 2018ರಲ್ಲಿ. ಒಂದು ಹಾಳೆಯ ಅರ್ಜಿಗೂ ತೂಕವುಂಟು.

ಆದರೆ ನಮಗೆ ಎಲ್ಲಕ್ಕಿಂತ ಹತ್ತಿರವಿರುವುದು ನಮ್ಮ ಹೌಸಿಂಗ್ ಸೊಸೈಟಿ. ಇದರ ಬೇರು ಕೂಡ ನಮ್ಮ ನಾಡಿಗೆ ಹೋಗುತ್ತದೆ. 1904ರಲ್ಲಿ ಸಹಕಾರಿ ಕಾಯಿದೆ ಬಂದ ಮರುವರ್ಷವೇ, ಪುಲಿಗೆರೆಗೆ ದೂರವಲ್ಲದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಆಗ ಆ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೆನರಾದಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತರು, ಎಸ್. ಎಸ್. ತಲ್ಮಕಿಯವರ ಮುಂದಾಳ್ತನದಲ್ಲಿ, 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು. ದೇಶದಲ್ಲಿ ಆ ಬಗೆಯ ಸಂಘಗಳಿಗೆ ಅದೇ ಮೇಲ್ಪಂಕ್ತಿ. 1980ರ ದಶಕದಲ್ಲಿ ಕಾಂದಿವಲಿಯ ಚಾರ್ಕೋಪಿನಲ್ಲಿ ಮ್ಹಾಡಾ ಸಂಸ್ಥೆ ವಿಶ್ವಬ್ಯಾಂಕಿನ ನೆರವಿನಿಂದ ನಿವೇಶನ ಹಂಚಿದಾಗಲೂ ಒಕ್ಕಲುಗಳನ್ನು ಸಣ್ಣ ಸಣ್ಣ ಸಹಕಾರಿ ಸಂಘಗಳಾಗಿಯೇ ಕೂಡಿಸಲಾಯಿತು.

ಸೊಸೈಟಿಯ ಬೈಲಾ ಎಂದರೆ ನಮ್ಮ ವಠಾರದ ಕಟ್ಟಳೆ. ಮಹಾರಾಷ್ಟ್ರದ 1960ರ ಸಹಕಾರಿ ಸಂಘಗಳ ಕಾಯಿದೆಯ ಪ್ರಕಾರ ಅದನ್ನು ತಿದ್ದಲು ಮಹಾಸಭೆಯ ಮೂರರಲ್ಲಿ ಎರಡು ಪಾಲು ಬಹುಮತ ಬೇಕು, ರಿಜಿಸ್ಟ್ರಾರರ ಒಪ್ಪಿಗೆಯೂ ಬೇಕು. ಮಹಾಸಭೆಗೆ ಹದಿನಾಲ್ಕು ದಿನಗಳ ಮುಂಚಿತ ನೋಟೀಸು ಬೇಕು. ಪುನರ್ನಿರ್ಮಾಣದ ಬಗ್ಗೆ ಸರ್ಕಾರ 2009ರಲ್ಲೂ 2019ರಲ್ಲೂ ಹೊರಡಿಸಿದ ನಿರ್ದೇಶನಗಳು ವಿಶೇಷ ಸಭೆ, ಸದಸ್ಯರ ಬಹುಮತ, ಸಭೆಯ ವಿಡಿಯೋ ಚಿತ್ರೀಕರಣ ಇವನ್ನೆಲ್ಲ ಹೇಳುತ್ತವೆ. ರಂಗಾಚಾರ್ಲು ಅವರ 144 ಸದಸ್ಯರಿಗೆ ಇಲ್ಲದ ಹಕ್ಕು, ಅಂದರೆ ಮತ ಹಾಕಿ ಬೇಡವೆನ್ನುವ ಹಕ್ಕು, ಇಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಇದೆ.

ಇದ್ದೂ ಆಗುತ್ತಿರುವುದೇನು? ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡುವುದು, ಅದೇ ಹತ್ತು ಮಂದಿ ಅದೇ ಕುರ್ಚಿಗಳಲ್ಲಿ ಕೂತು ಎಲ್ಲ ಠರಾವುಗಳನ್ನೂ ಪಾಸು ಮಾಡುವುದು. ಮರುದಿನ ಮೆಟ್ಟಿಲಲ್ಲಿ ನಿಂತು ‘ನಮ್ಮನ್ನು ಯಾರು ಕೇಳಿದರು?’ ಎನ್ನುವುದು. ಕೇಳಿದ್ದು ನೋಟೀಸು ಬೋರ್ಡಿನ ಮೇಲೆ ಹದಿನಾಲ್ಕು ದಿನ ಇತ್ತು. ಮೀಟಿಂಗೆಂದರೆ ಗಂಡಸರ ಕೆಲಸ ಎಂಬ ಎಣಿಕೆಯೂ ನಮ್ಮ ಮನೆಗಳಿಂದ ಹೋಗಿಲ್ಲ. ಮನೆಯ ಅಡುಗೆಕೋಣೆ ಎಷ್ಟು ಅಗಲವಿರಬೇಕು, ನೀರು ಯಾವ ಹೊತ್ತಿಗೆ ಬರಬೇಕು ಎಂಬುದನ್ನು ಬಲ್ಲವರು ಮನೆಯಲ್ಲಿ ಉಳಿದು, ಬಲ್ಲದವರು ಸಭೆಯಲ್ಲಿ ಕೈ ಎತ್ತುತ್ತಾರೆ. ಫ್ಲ್ಯಾಟಿನ ಕಾಗದದಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಿ, ಅವರನ್ನೂ ಸಭೆಯ ಚರ್ಚೆಗೆ ಹತ್ತಿರ ತರುವುದು ಒಳ್ಳೆಯದು. ಭಾಷೆಯ ಸಂಕೋಚವೂ ಉಂಟು. ಮರಾಠಿಯಲ್ಲೋ ಹಿಂದಿಯಲ್ಲೋ ತಡವರಿಸುತ್ತ ಹೇಳಿದ ಮಾತೂ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಹೇಳದೆ ಬಿಟ್ಟ ಮಾತು ದಾಖಲಾಗುವುದಿಲ್ಲ.

ನಮ್ಮ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಗೂ ಈ ಮಾತು ಸಲ್ಲುತ್ತದೆ. ನಾಟಕಕ್ಕೆ ತುಂಬುವ ಸಭಾಂಗಣ ನಿಯಮಾವಳಿಯ ತಿದ್ದುಪಡಿಗೆ ಬರಿದಾಗಿರುತ್ತದೆ. ತಿದ್ದುಪಡಿಯ ಕರಡನ್ನು ಸಭೆಯ ದಿನ ಹಂಚುವ ಬದಲು ಒಂದು ತಿಂಗಳು ಮೊದಲೇ ಸಂಘದ ಪತ್ರಿಕೆಯಲ್ಲಿ ಅಚ್ಚುಮಾಡಿ, ಇದು ಏಕೆ ಬೇಕು ಎಂಬ ಒಂದು ಪುಟದ ವಿವರಣೆ ಕೊಟ್ಟರೆ ಸದಸ್ಯರು ಮನೆಯಲ್ಲಿ ಓದಿ, ಮಾತಾಡಿಕೊಂಡು ಬರಬಹುದು. ಇದಕ್ಕೆ ಖರ್ಚೇನೂ ಇಲ್ಲ. 1923ರ ಮೈಸೂರು ಸಂಸ್ಥಾನಕ್ಕೆ ಸಾಧ್ಯವಾದದ್ದು ಕಾಂದಿವಲಿಯ ಒಂದು ಸಂಘಕ್ಕೆ ಅಸಾಧ್ಯವಾಗಬಾರದು.

ಸೆಪ್ಟೆಂಬರ್ ಕೊನೆಯೊಳಗೆ ಸೊಸೈಟಿಗಳ ಮಹಾಸಭೆ ನಡೆಯಬೇಕೆಂಬುದು ನಿಯಮ. ನೋಟೀಸು ಬಂದಾಗ ಗಂಡ ಹೆಂಡತಿ ಇಬ್ಬರೂ ಕೂತು ಅದನ್ನು ಓದಿರಿ, ಪ್ರಶ್ನೆಗಳನ್ನು ಬರೆದುಕೊಳ್ಳಿರಿ, ಮೊದಲ ಕರೆಯ ಹೊತ್ತಿಗೇ ಹೋಗಿ ಕುಳಿತುಕೊಳ್ಳಿರಿ ಎಂದು ಓದುಗ ಬಾಂಧವರಲ್ಲಿ ನಮ್ಮ ವಿನಂತಿ.